ಹಿಂದಿನ ಸ್ವೇ ಬಾರ್: ಯಾವ ಕಾರಿಗೆ ಯಾವುದು, ಯಾವ ಕಾರಿಗೆ ಬೇಡ

ಘಟ್ಟದ ತಿರುವನ್ನು ಸ್ವಲ್ಪ ವೇಗವಾಗಿ ಹೊಕ್ಕಾಗ ಕಾರು ಹೊರಗಡೆಗೆ ವಾಲುತ್ತದೆ. ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೂ ಮೂತಿ ರಸ್ತೆಯ ಹೊರ ಅಂಚಿನತ್ತಲೇ ಎಳೆಯುತ್ತದೆ. ಮುಂದಿನ ಚಕ್ರಗಳನ್ನು ಎಂಜಿನ್ ತಿರುಗಿಸುವ ನಮ್ಮ ಬಹುಪಾಲು ಕಾರುಗಳ ಸ್ವಭಾವವೇ ಇದು. ಇಂಗ್ಲಿಷಿನಲ್ಲಿ ಅಂಡರ್‌ಸ್ಟಿಯರ್ ಎನ್ನುವ ಈ ಗುಣಕ್ಕೆ ಮದ್ದು ಕೇಳಿದರೆ, ಕಾರುಗಳ ಹುಚ್ಚಿರುವ ಯಾರೇ ಆದರೂ ಮೊದಲು ಹೇಳುವ ಹೆಸರು ಹಿಂದಿನ ಸ್ವೇ ಬಾರ್. ಗ್ಯಾರೇಜಿನಲ್ಲಿ ಇದನ್ನು ಸ್ಟೆಬಿಲೈಸರ್ ಬಾರ್ ಎನ್ನುತ್ತಾರೆ, ಕಂಪನಿಯ ಕೈಪಿಡಿಗಳಲ್ಲಿ ಆ್ಯಂಟಿ-ರೋಲ್ ಬಾರ್ ಎಂದೂ ಇರುತ್ತದೆ; ಮೂರೂ ಒಂದೇ ವಸ್ತು. ಮದ್ದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಏಕೆಂದರೆ ನನ್ನ ಕಾರಿನಲ್ಲೇ ಅದನ್ನು ಕಂಡಿದ್ದೇನೆ. ಆದರೆ ಅದು ಯಾವುದನ್ನು ಕಿತ್ತು ಯಾವುದಕ್ಕೆ ಕೊಡುತ್ತದೆ ಎಂಬುದನ್ನು ತಿಳಿಯದೆ ಕೊಳ್ಳುವವರೇ ಹೆಚ್ಚು, ಮತ್ತು ಆಯ್ಕೆಯಲ್ಲಿ ತಪ್ಪಾಗುವುದು ಅಲ್ಲಿಯೇ.

ಬಾರ್ ಎಂದರೆ ಅಗಲವಾದ ‘ಯು’ ಆಕಾರಕ್ಕೆ ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು. ಅದರ ನಡುಭಾಗ ಎರಡು ಬುಷ್‌ಗಳ (ಸರಳನ್ನು ಸುತ್ತಿ ಹಿಡಿಯುವ ರಬ್ಬರಿನಂಥ ಮೆತ್ತೆಗಳ) ಒಳಗೆ ಕಾರಿನ ಅಡಿಯಲ್ಲಿ ಅಡ್ಡಲಾಗಿ ಕೂತಿರುತ್ತದೆ. ತುದಿಗಳು ಲಿಂಕ್ ರಾಡುಗಳ ಮೂಲಕ ಎಡ ಮತ್ತು ಬಲ ಚಕ್ರಗಳ ತೋಳುಗಳಿಗೆ ಸೇರಿರುತ್ತವೆ. ಎರಡೂ ಚಕ್ರಗಳು ಒಟ್ಟಿಗೆ ಮೇಲೆದ್ದರೆ ಸರಳು ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಆದ್ದರಿಂದ ರೋಡ್ ಹಂಪನ್ನು ನೇರವಾಗಿ ದಾಟುವಾಗ ಅದು ಇದ್ದದ್ದೇ ತಿಳಿಯುವುದಿಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಮಾತ್ರ ಸರಳು ತಿರುಚಿಕೊಳ್ಳುತ್ತದೆ, ಮತ್ತು ಆ ತಿರುಚುವಿಕೆಗೆ ಎಷ್ಟು ಪ್ರತಿರೋಧ ಒಡ್ಡುತ್ತದೋ ಕಾರು ಅಷ್ಟು ಕಡಿಮೆ ವಾಲುತ್ತದೆ.

ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಖ್ಯವಾದದ್ದು ಇದರ ಮುಂದಿನದು. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುವ ಒಟ್ಟು ಭಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಎಡ ಬಲ ಚಕ್ರಗಳ ನಡುವಿನ ಅಂತರ ಮತ್ತು ತಿರುವಿನ ರಭಸ. ಸ್ವೇ ಬಾರ್ ಈ ಒಟ್ಟು ಮೊತ್ತವನ್ನು ಕಡಿಮೆ ಮಾಡುವುದಿಲ್ಲ. ಆ ಮೊತ್ತದಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಹೊರಬೇಕು ಎಂಬ ಪಾಲನ್ನು ಮಾತ್ರ ಬದಲಿಸುತ್ತದೆ. ಟೈರಿನ ಗುಣವೇನೆಂದರೆ, ಅದರ ಮೇಲಿನ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಹಿಂದಿನ ಎರಡು ಟೈರುಗಳ ಮೇಲೆ ತಲಾ 250 ಕೆ.ಜಿ. ಇದ್ದಾಗ ಸಿಗುವ ಒಟ್ಟು ಹಿಡಿತ, ಅದೇ 500 ಕೆ.ಜಿ. ಒಂದರ ಮೇಲೆ 400, ಇನ್ನೊಂದರ ಮೇಲೆ 100 ಎಂದು ಹಂಚಿಹೋದಾಗ ಸಿಗುವುದಿಲ್ಲ. ಹಿಂದೆ ಗಡುಸಾದ ಬಾರ್ ಹಾಕಿದಾಗ ಹಿಂದಿನ ಜೋಡಿಯಲ್ಲಿ ಆಗುವುದು ಇದೇ. ಅದು ಹೆಚ್ಚಿನ ಪಾಲನ್ನು ಹೊತ್ತು ತನ್ನ ಹಿಡಿತವನ್ನು ಸ್ವಲ್ಪ ಕಳೆದುಕೊಳ್ಳುತ್ತದೆ, ಮುಂದಿನ ಜೋಡಿಯ ಹೊರೆ ಇಳಿದು ಅಲ್ಲಿ ಹಿಡಿತ ಹೆಚ್ಚುತ್ತದೆ, ಮೂತಿ ಹೇಳಿದ ಮಾತು ಕೇಳತೊಡಗುತ್ತದೆ. ಹಾಗಾಗಿ ಹಿಂದಿನ ಬಾರ್ ಕಾರಿಗೆ ಹೊಸ ಹಿಡಿತವನ್ನು ತಂದುಕೊಡುವ ವಸ್ತುವಲ್ಲ. ಹಿಂದಿನ ಹಿಡಿತದಲ್ಲಿ ಒಂದು ಪಾಲನ್ನು ಮುಂದಕ್ಕೆ ವರ್ಗಾಯಿಸುವ ವಸ್ತು. ಕೆಳಗಿನ ಪ್ರತಿಯೊಂದು ಆಯ್ಕೆಯನ್ನೂ ಈ ಕಣ್ಣಿನಿಂದಲೇ ನೋಡಬೇಕು.

ಬಾರ್‌ಗೆ ಮೊದಲು ಟೈರು, ಬುಷ್, ಗಾಳಿ

ಹಣ ತೆಗೆಯುವ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ ಅಡಿಯನ್ನು ನೋಡಿ. ಐದಾರು ವರ್ಷ ನಮ್ಮ ರಸ್ತೆಗಳಲ್ಲಿ ಓಡಿದ ಕಾರಿನ ಲಿಂಕ್ ರಾಡಿನ ಕೀಲು ಸಡಿಲವಾಗಿರುವುದು, ಬುಷ್‌ನ ರಬ್ಬರು ಬಿರುಕುಬಿಟ್ಟಿರುವುದು, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಮೈಯೆಲ್ಲಾ ಧೂಳು ಮೆತ್ತಿಕೊಂಡಿರುವುದು ತೀರಾ ಸಾಮಾನ್ಯ. ಇಂಥ ಕಾರು ವಾಲುತ್ತಿದ್ದರೆ ಅದಕ್ಕೆ ಬೇಕಾಗಿರುವುದು ಹೊಸ ಬಾರ್ ಅಲ್ಲ, ಹಳೆಯ ಬಾರ್ ಕೆಲಸ ಮಾಡಲು ಬೇಕಾದ ಹೊಸ ಬುಷ್ ಮತ್ತು ಲಿಂಕ್. ಚಾಲಕನ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿ ಹೇಳಿದಷ್ಟು ಗಾಳಿ, ಸರಿಯಾದ ವೀಲ್ ಅಲೈನ್‌ಮೆಂಟ್, ಒಳ್ಳೆಯ ಜೊತೆ ಟೈರು: ಇವು ನಾಲ್ಕೂ ಚಕ್ರಗಳಿಗೆ ನಿಜವಾಗಿ ಹಿಡಿತ ಸೇರಿಸುತ್ತವೆ, ಯಾರಿಂದಲೂ ಕಿತ್ತುಕೊಳ್ಳುವುದಿಲ್ಲ. ಸವೆದ ಟೈರುಗಳ ಮೇಲೆ ದಪ್ಪ ಬಾರ್ ಹಾಕಿಸುವುದಕ್ಕೆ ಬದಲು ಇದ್ದ ಬಾರ್‌ನ ಮೇಲೆ ಹೊಸ ಟೈರು ಹಾಕಿಸುವುದು ಪ್ರತಿ ಸಲವೂ ಉತ್ತಮ ಆಯ್ಕೆ. ಈ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ನಿಮ್ಮ ಕಾರಿನ ಹಿಂಭಾಗ ಯಾವ ಬಗೆಯದು?

ಮಾರುತಿ ಸ್ವಿಫ್ಟ್, ಫೋಕ್ಸ್‌ವ್ಯಾಗನ್ ಪೋಲೊ, ಹ್ಯುಂಡೈ ಐ20, ಹೋಂಡಾ ಸಿಟಿ ಮೊದಲಾದ ಕಾರುಗಳ ಹಿಂಭಾಗದಲ್ಲಿ ಇರುವುದು ಟಾರ್ಷನ್ ಬೀಮ್. ಎಡ ಬಲದ ಎರಡು ತೋಳುಗಳನ್ನು ನಡುವೆ ಒಂದು ಉಕ್ಕಿನ ತೊಲೆ ಜೋಡಿಸುತ್ತದೆ. ಅಡ್ಡ ಕತ್ತರಿಸಿ ನೋಡಿದರೆ ಆ ತೊಲೆ ‘ವಿ’ ಅಥವಾ ‘ಯು’ ಆಕಾರದಲ್ಲಿ ಒಂದು ಬದಿ ತೆರೆದುಕೊಂಡಿರುತ್ತದೆ. ತೆರೆದಿರುವುದಕ್ಕೆ ಕಾರಣವಿದೆ. ಮುಚ್ಚಿದ ಕೊಳವೆಯಾಗಿದ್ದರೆ ಅದು ತಿರುಚಿಕೊಳ್ಳಲು ಒಪ್ಪುತ್ತಿರಲಿಲ್ಲ, ಹಿಂದಿನ ಚಕ್ರಗಳು ಒಂದಕ್ಕೊಂದು ಬೆಸೆದಂತೆ ಆಗುತ್ತಿದ್ದವು. ಹೀಗೆ ಹದವಾಗಿ ತಿರುಚಿಕೊಳ್ಳುವ ತೊಲೆಯೇ ಇಂಥ ಕಾರುಗಳಲ್ಲಿ ಸ್ವೇ ಬಾರ್‌ನ ಕೆಲಸವನ್ನೂ ಮಾಡುತ್ತದೆ. ಕೆಲವು ಮಾದರಿಗಳಲ್ಲಿ ತೊಲೆಯ ಒಳಗೆ ಒಂದು ಸರಳನ್ನು ಬೆಸುಗೆ ಹಾಕಿಯೂ ಇರುತ್ತಾರೆ. ಆದ್ದರಿಂದ ಇಲ್ಲಿ ಹಳೆಯ ಬಾರ್ ಬಿಚ್ಚಿ ಹೊಸದನ್ನು ಹಾಕುವ ಪ್ರಶ್ನೆಯೇ ಇಲ್ಲ. ಸಿಗುವುದೆಲ್ಲ ಎರಡೂ ತೋಳುಗಳ ನಡುವೆ ತೊಲೆಗೆ ಸಮಾನಾಂತರವಾಗಿ ಬೋಲ್ಟ್ ಮಾಡುವ ಹೆಚ್ಚುವರಿ ಬಾರ್.

ಈಚಿನ ಪೀಳಿಗೆಗಳ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2006ರಲ್ಲಿ ನಮ್ಮ ದೇಶಕ್ಕೆ ಬಂದ ಎಂಟನೇ ಪೀಳಿಗೆಯ ಹೋಂಡಾ ಸಿವಿಕ್ ಮುಂತಾದವುಗಳಲ್ಲಿ ಹಿಂದಿನ ಚಕ್ರಗಳು ಒಂದಕ್ಕೊಂದು ಸ್ವತಂತ್ರ. ಅಲ್ಲಿ ಪ್ರತ್ಯೇಕವಾದ ಬಾರ್ ಮೊದಲೇ ಇರುತ್ತದೆ, ಅದನ್ನು ಬಿಚ್ಚಿ ಬದಲಾಯಿಸಬಹುದು. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್‌ಗೆ ತಕ್ಕಂತೆ ಹಿಂಭಾಗ ಬೇರೆ ಬೇರೆ ಇರುವುದುಂಟು, ಆದ್ದರಿಂದ ಬಾರ್ ತರಿಸುವ ಮೊದಲು ನಿಮ್ಮದೇ ಕಾರಿನ ಅಡಿಗೆ ಟಾರ್ಚ್ ಹಿಡಿದು ನೋಡಿಕೊಳ್ಳುವುದು ಲೇಸು.

ಈ ಎರಡರಲ್ಲಿ ಫಲ ಹೆಚ್ಚು ಎದ್ದು ಕಾಣುವುದು ಸ್ವತಂತ್ರ ಹಿಂಭಾಗದ ಕಾರಿನಲ್ಲಿ, ಏಕೆಂದರೆ ಅಲ್ಲಿ ಹಂತ ಹಂತವಾಗಿ ಹೊಂದಿಸಿಕೊಳ್ಳಬಹುದು. ಟಾರ್ಷನ್ ಬೀಮ್ ಕಾರಿನಲ್ಲಿ ಬಾರ್‌ನ ಗಡಸು ತೊಲೆಯ ಗಡಸಿನ ಮೇಲೆ ಸೇರಿಕೊಳ್ಳುತ್ತದೆ, ಇಳಿಸಲು ದಾರಿ ಕಡಿಮೆ. ಇಂಥ ಕಾರಿಗೆ ಜರ್ಮನಿಯ ಐಬಾಕ್ ಮತ್ತು ಎಚ್ ಆ್ಯಂಡ್ ಆರ್, ಆಸ್ಟ್ರೇಲಿಯಾದ ವೈಟ್‌ಲೈನ್, ಮಲೇಷ್ಯಾದ ಅಲ್ಟ್ರಾ ರೇಸಿಂಗ್ ಬಾರ್‌ಗಳನ್ನು ಮಾಡುತ್ತವೆ. ಆದರೆ ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು, ಅದು ಕಾರಿನಲ್ಲಿ ಆಗಲೇ ಇರುವ ರಂಧ್ರಗಳಿಗೆ ಅಥವಾ ತೋಳನ್ನು ಸುತ್ತಿ ಹಿಡಿಯುವ ಕ್ಲ್ಯಾಂಪಿಗೆ ಕೂರುತ್ತದೆಯೇ ಎಂಬುದನ್ನು. ಟಾರ್ಷನ್ ಬೀಮಿಗೆ ಡ್ರಿಲ್ ಹಾಕಿ ರಂಧ್ರ ಕೊರೆಯುವೆ, ಬೆಸುಗೆ ಹಾಕುವೆ ಎನ್ನುವ ಗ್ಯಾರೇಜಿನಿಂದ ಕಾರನ್ನು ಹಿಂದಕ್ಕೆ ತನ್ನಿ. ದಿನವಿಡೀ ತಿರುಚಿಕೊಳ್ಳುತ್ತಲೇ ಇರುವ ಉಕ್ಕಿನಲ್ಲಿ ಬಿರುಕು ಹುಟ್ಟುವುದೇ ಅಂಥ ರಂಧ್ರದ ಅಂಚಿನಲ್ಲಿ, ಬೆಸುಗೆಯ ಬುಡದಲ್ಲಿ.

ಅಂಗಡಿಗಳಲ್ಲಿ ಇನ್ನೊಂದು ಗೊಂದಲವಿದೆ. ಕಾರಿನ ಬಾಡಿಯ ಎರಡು ಬದಿಗಳನ್ನು ಜೋಡಿಸುವ ಲೋವರ್ ಬ್ರೇಸ್ ಮತ್ತು ಸ್ಟ್ರಟ್ ಬಾರ್‌ಗಳನ್ನೂ ಸ್ವೇ ಬಾರ್ ಎಂದೇ ಹೇಳಿ ಮಾರುವವರಿದ್ದಾರೆ. ಅವು ಬಾಡಿ ನಲುಗದಂತೆ ಮಾಡಬಲ್ಲವು, ವಾಲುವುದನ್ನು ತಡೆಯಲಾರವು. ಗುರುತಿಸುವುದು ಸುಲಭ: ಎರಡೂ ತುದಿಗಳು ಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ಭಾಗಕ್ಕೆ ಸೇರಿದರೆ ಅದು ಸ್ವೇ ಬಾರ್, ಅಲುಗದ ಬಾಡಿಗೇ ಸೇರಿದರೆ ಅಲ್ಲ.

ದಪ್ಪದ ಲೆಕ್ಕ

ಕೊಳ್ಳುವವರು ಎಡವುವುದು ಇಲ್ಲಿ. 20 ಮಿ.ಮೀ.ನಿಂದ 22 ಮಿ.ಮೀ.ಗೆ ಹೋದರೆ ಹತ್ತು ಪ್ರತಿಶತ ತಾನೇ ಎಂದು ಅನಿಸುತ್ತದೆ. ಆದರೆ ಘನ ಸರಳಿನ ತಿರುಚುವ ಗಡಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಉಳಿದ ಅಳತೆಗಳೆಲ್ಲ ಒಂದೇ ಎಂದಿಟ್ಟುಕೊಂಡರೆ, 20ರಿಂದ 22ಕ್ಕೆ ಹೋದಾಗ ಗಡಸು ಸುಮಾರು ಶೇ. 46ರಷ್ಟು ಹೆಚ್ಚುತ್ತದೆ, 19ರಿಂದ 22ಕ್ಕೆ ಹೋದರೆ ಶೇ. 80; 20ರಿಂದ 24ಕ್ಕೆ ಹೋದರೆ ಎರಡು ಪಟ್ಟನ್ನೂ ಮೀರುತ್ತದೆ. ಬೆರಳುಗಳ ನಡುವೆ ಹಿಡಿದರೆ ಗೊತ್ತೇ ಆಗದ ವ್ಯತ್ಯಾಸ ರಸ್ತೆಯಲ್ಲಿ ಕಾರಿನ ಸ್ವಭಾವವನ್ನೇ ಬದಲಿಸುತ್ತದೆ. ದಿನನಿತ್ಯ ಓಡಿಸುವ ಕಾರಿಗೆ ಮೂಲ ಬಾರ್‌ಗಿಂತ 2 ಮಿ.ಮೀ. ಹೆಚ್ಚು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಮಾದರಿಯ ಹೆಚ್ಚು ಬಲದ ಅಥವಾ ಸ್ಪೋರ್ಟ್ ಆವೃತ್ತಿಯ ಬಾರ್ ನಿಮ್ಮ ಕಾರಿಗೂ ಕೂರುವುದಾದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ಅದನ್ನು ಕಾರು ಮಾಡಿದವರೇ ಆ ಸ್ಪ್ರಿಂಗ್, ಆ ಶಾಕ್‌ಗಳ ಜೊತೆ ಹದ ನೋಡಿ ಕೊಟ್ಟಿರುತ್ತಾರೆ.

ಟೊಳ್ಳು ಬಾರ್ ತೂಕ ಉಳಿಸಲು. ಸರಳಿನ ನಡುವಿನ ಉಕ್ಕು ತಿರುಚುವಿಕೆಯನ್ನು ಎದುರಿಸುವುದು ಅತ್ಯಲ್ಪ, ಹೊರಪದರವೇ ಹೆಚ್ಚಿನ ಕೆಲಸ ಮಾಡುತ್ತದೆ. 22 ಮಿ.ಮೀ. ಹೊರ ವ್ಯಾಸ, 3 ಮಿ.ಮೀ. ಗೋಡೆಯ ಟೊಳ್ಳು ಬಾರ್ ಅದೇ ದಪ್ಪದ ಘನ ಬಾರ್‌ನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಆದರೂ ಗಡಸಿನ ಶೇ. 72ರಷ್ಟನ್ನು ಉಳಿಸಿಕೊಳ್ಳುತ್ತದೆ. ಇದರಿಂದ ಹೊರಡುವ ಎಚ್ಚರಿಕೆಯೂ ಒಂದಿದೆ. ಹೊರ ದಪ್ಪ ಮಾತ್ರ ನೋಡಿ ಒಂದು ಟೊಳ್ಳು ಬಾರನ್ನೂ ಒಂದು ಘನ ಬಾರನ್ನೂ ಹೋಲಿಸಬಾರದು, ಗೋಡೆಯ ದಪ್ಪವನ್ನು ಕೇಳಲೇಬೇಕು. ರೇಸಿಗೆ ಹೋಗದವರಿಗೆ ಆ ಒಂದೆರಡು ಕೆ.ಜಿ. ಉಳಿತಾಯಕ್ಕಾಗಿ ಹೆಚ್ಚು ಬೆಲೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಹೊಂದಿಸಬಹುದಾದ ಬಾರ್‌ನ ತುದಿಗಳಲ್ಲಿ ಎರಡು ಅಥವಾ ಮೂರು ರಂಧ್ರಗಳಿರುತ್ತವೆ. ಲಿಂಕ್ ರಾಡನ್ನು ಒಳಗಿನ ರಂಧ್ರಕ್ಕೆ ಹಾಕಿದರೆ ಬಾರ್‌ನ ತೋಳು (ಬಗ್ಗಿದ ತುದಿಭಾಗ) ಗಿಡ್ಡವಾಗಿ ಬಾರ್ ಗಡುಸಾಗುತ್ತದೆ, ತುದಿಯ ರಂಧ್ರಕ್ಕೆ ಹಾಕಿದರೆ ಮೆದುವಾಗುತ್ತದೆ. 200 ಮಿ.ಮೀ. ತೋಳು 180ಕ್ಕೆ ಇಳಿದರೆ ಗಡಸು ಸುಮಾರು ಶೇ. 23 ಏರುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಸ್ವತಂತ್ರ ಹಿಂಭಾಗದ ಕಾರಿಗೆ ನಾನು ಇದನ್ನೇ ಆರಿಸುತ್ತೇನೆ. ಅದಕ್ಕೆ ಕಾರಣವಾದ ಒಂದು ಅನುಭವವನ್ನು ಹೇಳಬೇಕು.

ನನ್ನ ಹಳೆಯ ಸಿವಿಕ್‌ಗೆ ಮೂಲಕ್ಕಿಂತ 2 ಮಿ.ಮೀ. ದಪ್ಪದ, ಎರಡು ರಂಧ್ರಗಳ ಬಾರ್ ಹಾಕಿಸಿ, ಉತ್ಸಾಹದಲ್ಲಿ ನೇರವಾಗಿ ಗಡುಸು ರಂಧ್ರವನ್ನೇ ಆರಿಸಿಕೊಂಡಿದ್ದೆ. ಒಣ ರಸ್ತೆಯಲ್ಲಿ ಎರಡು ತಿಂಗಳು ಆನಂದವಾಗಿತ್ತು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತಿತ್ತು, ತಿರುವಿನಿಂದ ಹೊರಬರುವಾಗ ಒಳಗಿನ ಮುಂಚಕ್ರ ಸುಮ್ಮನೆ ಸುತ್ತುವುದು ನಿಂತಿತ್ತು. ಜುಲೈನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮಂಜು, ಜಿಟಿಜಿಟಿ ಮಳೆ, ರಸ್ತೆಯ ಮೇಲೆ ಹಾಸಿಕೊಂಡ ಎಲೆಗಳು. ಎಡ ತಿರುವಿನ ನಡುವೆ ಎದುರಿಗೆ ದನವೊಂದು ಕಂಡಿತು. ಯಾರೇ ಆದರೂ ಮಾಡುವಂತೆ ಆಕ್ಸಲರೇಟರಿನಿಂದ ಕಾಲು ತೆಗೆದೆ. ಅಷ್ಟೇ. ಭಾರ ಮುಂದಕ್ಕೆ ಬಂತು, ಹಿಂದಿನ ಚಕ್ರಗಳು ಹಗುರಾದವು, ಸೀಟಿನ ಕೆಳಗೆ ಕಾರಿನ ಹಿಂಭಾಗ ಮೆಲ್ಲಗೆ ಬಲಕ್ಕೆ ಜಾರಿದ್ದು ಬೆನ್ನಿಗೆ ಮೊದಲು ತಿಳಿಯಿತು, ಕಣ್ಣಿಗೆ ಆಮೇಲೆ. ವೇಗ ಕಡಿಮೆ ಇದ್ದುದರಿಂದ ಸ್ಟೀರಿಂಗನ್ನು ಬಲಕ್ಕೆ ಸ್ವಲ್ಪ ಬಿಟ್ಟಾಗ ಕಾರು ಸಾಲಿಗೆ ಮರಳಿತು. ಮೂಲ ಬಾರ್ ಇದ್ದಾಗ ಅದೇ ಕಾರು ಅದೇ ತಪ್ಪಿಗೆ ಮೂತಿಯನ್ನಷ್ಟೇ ಹೊರಕ್ಕೆ ಎಳೆದು ನಿಧಾನವಾಗುತ್ತಿತ್ತು. ಬೆಂಗಳೂರಿಗೆ ಮರಳಿದ ವಾರವೇ ಲಿಂಕ್ ರಾಡುಗಳನ್ನು ಮೆದು ರಂಧ್ರಕ್ಕೆ ಇಳಿಸಿದೆ, ಇಂದಿಗೂ ಅಲ್ಲೇ ಇವೆ. ಒಂದೇ ಗಡಸಿನ ಬಾರ್ ಆಗಿದ್ದರೆ ಬಿಚ್ಚಿ ಮಾರಬೇಕಾಗುತ್ತಿತ್ತು.

ಕಾರು ತಯಾರಕರು ಮೂತಿ ಹೊರಕ್ಕೆಳೆಯುವ ಗುಣವನ್ನು ಬೇಕೆಂದೇ ಇಡುತ್ತಾರೆ. ಗಾಬರಿಯಾದ ಚಾಲಕ ಕಾಲು ತೆಗೆಯುತ್ತಾನೆ, ಆಗ ಕಾರು ತಾನಾಗಿ ಸರಿಹೋಗಬೇಕು ಎಂಬುದು ಅವರ ಲೆಕ್ಕ. ಮನೆಯಲ್ಲಿ ಅಪ್ಪ, ಹೆಂಡತಿ, ಹೊಸದಾಗಿ ಲೈಸೆನ್ಸ್ ತೆಗೆದ ಮಗಳು ಎಲ್ಲರೂ ಓಡಿಸುವ ಒಂದೇ ಕಾರು ಇದ್ದರೆ, ಅದರಲ್ಲಿ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರತೊಡಗಿದರೆ ತಾನೇ ಬ್ರೇಕ್ ಹಾಕಿ ಹಿಡಿದಿಡುವ ವ್ಯವಸ್ಥೆ) ಇಲ್ಲದಿದ್ದರೆ, ಹಿಂದಿನ ಬಾರನ್ನು ಮುಟ್ಟಬೇಡಿ ಎಂದೇ ನಾನು ಹೇಳುವುದು.

ಸ್ಪ್ರಿಂಗ್ ಬದಲಿಸುವುದೋ, ಬಾರ್ ಬದಲಿಸುವುದೋ

ವಾಲುವುದನ್ನು ಕಡಿಮೆ ಮಾಡಲು ಗಡುಸು ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸುವುದು ಇನ್ನೊಂದು ದಾರಿ. ಸ್ಪ್ರಿಂಗ್ ಪ್ರತಿ ಹಂಪಿನಲ್ಲೂ, ಪ್ರತಿ ಗುಂಡಿಯಲ್ಲೂ ತನ್ನ ಗಡಸನ್ನು ತೋರಿಸುತ್ತದೆ. ತಗ್ಗಿದ ಕಾರು ನಮ್ಮ ಬಡಾವಣೆಗಳ ಅವೈಜ್ಞಾನಿಕ ಹಂಪುಗಳಿಗೆ ಹೊಟ್ಟೆ ಉಜ್ಜುತ್ತದೆ. ಬಾರ್ ನೇರ ಹಂಪಿನಲ್ಲಿ ಸುಮ್ಮನಿರುತ್ತದೆ, ಎತ್ತರವನ್ನೂ ಬದಲಿಸುವುದಿಲ್ಲ. ಅದರ ಕಿರುಕುಳ ಕಾಣುವುದು ಒಂದೇ ಬದಿಯ ಚಕ್ರ ಗುಂಡಿಗೆ ಇಳಿದಾಗ: ಒಂದು ಬದಿಯ ಪೆಟ್ಟು ಇನ್ನೊಂದು ಬದಿಗೂ ಸಾಗಿ, ಕೂತವರ ತಲೆ ಎಡಕ್ಕೂ ಬಲಕ್ಕೂ ತೂಗುತ್ತದೆ. ದಿನವೂ ಹಿಂದಿನ ಸೀಟಿನಲ್ಲಿ ವಯಸ್ಸಾದವರು ಕೂರುವ ಕಾರಾದರೆ ಈ ತೂಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗಿದ್ದೂ ನಗರದ ಬಳಕೆಗೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಮತ ಬಾರ್‌ಗೆ.

ಇನ್ನೋವಾ ಕ್ರಿಸ್ಟಾದಂತೆ ಹಿಂದಿನ ಚಕ್ರಗಳನ್ನು ಎಂಜಿನ್ ತಿರುಗಿಸುವ ವಾಹನಗಳಿಗೆ ಈ ಮಾತುಗಳು ಅನ್ವಯಿಸುವುದಿಲ್ಲ. ಅಲ್ಲಿ ಹಿಂಭಾಗವನ್ನು ಗಡುಸು ಮಾಡಿದರೆ ತಿರುವಿನಲ್ಲಿ ಒಳಗಿನ ಹಿಂಚಕ್ರ ಹಗುರಾಗಿ, ಎಳೆಯಬೇಕಾದ ಚಕ್ರವೇ ಹಿಡಿತ ಕಳೆದುಕೊಳ್ಳುತ್ತದೆ. ಕಾಫಿ ತೋಟದ ಕೊರಕಲು ದಾರಿಯಲ್ಲಿ ಓಡುವ ಜೀಪುಗಳಿಗಂತೂ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಮೇಲೆ ಕೆಳಗೆ ಆಡಬೇಕು. ಜೀಪ್ ರ್‍ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ಬಾರನ್ನು ಗುಂಡಿ ಒತ್ತಿ ಬೇರ್ಪಡಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ.

ಬುಷ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಬ್ಬರು ಮೌನಿ, ಮೆದು, ಅಗ್ಗ. ಪಾಲಿಯುರೆಥೇನ್ ಗಡುಸು, ಬಾರ್‌ನ ಕೆಲಸವನ್ನು ಬೇಗ ಆರಂಭಿಸುತ್ತದೆ, ಆದರೆ ಒಣಗಿದರೆ ಕಿರ್ ಕಿರ್ ಎನ್ನುತ್ತದೆ. ಅದಕ್ಕೆ ಕಾಲಕಾಲಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಗ್ಯಾರೇಜಿನ ಸಾಮಾನ್ಯ ಗ್ರೀಸನ್ನು ರಬ್ಬರು ಬುಷ್‌ಗೆ ಹಚ್ಚಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ.

ಕಾನೂನು, ವಾರಂಟಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಸ್ವೇ ಬಾರ್ ನೋಂದಣಿ ಪತ್ರದಲ್ಲಿ ಬರೆಯುವ ವಸ್ತುವಲ್ಲವಾದರೂ, ಮಾಡಿಸುವ ಮೊದಲು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಉತ್ತರವನ್ನು ಇಟ್ಟುಕೊಳ್ಳುವುದು ವಿವೇಕ. ವಾರಂಟಿ ಇನ್ನೂ ಇರುವ ಕಾರಾದರೆ ಮುಗಿಯುವವರೆಗೆ ಕಾಯಿರಿ. ಹೊರಗಿನ ಬಾರ್ ಕಂಡಾಗ ಸಸ್ಪೆನ್ಷನ್‌ಗೆ ಸಂಬಂಧಿಸಿದ ದೂರನ್ನು ತಳ್ಳಿಹಾಕುವುದು ಕಾರು ಕಂಪನಿಯವರಿಗೆ ಸುಲಭ.

ಕೂರಿಸುವ ದಿನ

ಒಂದು ಬದಿಯ ಚಕ್ರ ಮಾತ್ರ ಜಾಕಿನ ಮೇಲಿದ್ದರೆ ಬಾರ್ ತಿರುಚಿಕೊಂಡಿರುತ್ತದೆ, ಲಿಂಕ್‌ನ ಬೋಲ್ಟ್ ಬಿಚ್ಚಿದಾಗ ಚಿಮ್ಮಿ ಕೈಗೆ ಬಡಿಯಬಹುದು. ಎರಡೂ ಹಿಂಚಕ್ರಗಳು ಒಟ್ಟಿಗೆ ನೆಲದಲ್ಲಿರಬೇಕು ಅಥವಾ ಒಟ್ಟಿಗೆ ಗಾಳಿಯಲ್ಲಿರಬೇಕು. ಹೊಸ ಬಾರ್‌ನ ಲಿಂಕ್ ಎರಡೂ ಬದಿಗೆ ಒಂದೇ ಸಂಖ್ಯೆಯ ರಂಧ್ರದಲ್ಲಿರಲಿ. ಲಿಂಕ್‌ಗಳಲ್ಲಿ ರಬ್ಬರು ಬುಷ್ ಇದ್ದರೆ ಕಾರು ತನ್ನ ಭಾರದಲ್ಲಿ ನೆಲಕ್ಕೆ ಕೂತ ಮೇಲೆಯೇ ಕೊನೆಯ ಬಿಗಿ ಕೊಡಬೇಕು, ಇಲ್ಲವಾದರೆ ರಬ್ಬರು ಸದಾ ಎಳೆದುಕೊಂಡೇ ಇದ್ದು ಬೇಗ ಹರಿಯುತ್ತದೆ. ಬಿಗಿಯನ್ನು ಅಂದಾಜಿನಲ್ಲಿ ಬಿಡದೆ ಟಾರ್ಕ್ ರೆಂಚ್ ಬಳಸುವ ಗ್ಯಾರೇಜನ್ನು ಹುಡುಕಿ.

ನನ್ನ ಕಾರಿಗೆ ಬಾರ್ ಕೂರಿಸಿದವರು ಬುಷ್‌ನ ಪಕ್ಕಕ್ಕೆ ಹಾಕಬೇಕಾದ ತಡೆ ಉಂಗುರಗಳನ್ನು ಪೊಟ್ಟಣದಲ್ಲೇ ಬಿಟ್ಟಿದ್ದರು. ಮೂರನೆಯ ವಾರ ಬಲ ತಿರುವುಗಳಲ್ಲಿ ಮಾತ್ರ ಟಕ್ ಟಕ್ ಸದ್ದು ಶುರುವಾಯಿತು. ಅಡಿಗೆ ಹೋಗಿ ನೋಡಿದರೆ ಬಾರ್ ಬೆರಳಗಲ ಪಕ್ಕಕ್ಕೆ ಸರಿದು ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ತಾಗುತ್ತಿತ್ತು. ಕೇಬಲ್ಲಿನ ಹೊರಪದರ ಒಂದು ಕಡೆ ಹೊಳೆಯುವಷ್ಟು ಸವೆದಿತ್ತು. ಹಾಗಾಗಿ ಕೂರಿಸಿದ ದಿನವೇ ಬಾರ್ ಮತ್ತು ಬುಷ್ ಸೇರುವ ಜಾಗದಲ್ಲಿ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಲಿಫ್ಟಿಗೆ ಏರಿಸಿ ಗೆರೆ ಸರಿದಿದೆಯೇ, ಬೋಲ್ಟ್ ಸಡಿಲವಾಗಿದೆಯೇ, ಬ್ರೇಕ್ ಪೈಪು ಮತ್ತು ಸೈಲೆನ್ಸರಿಗೆ ಎಲ್ಲಾದರೂ ತಾಗುತ್ತಿದೆಯೇ ನೋಡಿ. ಕಾರಿನ ಹೊಸ ನಡತೆಯನ್ನು ಘಟ್ಟದಲ್ಲಲ್ಲ, ಖಾಲಿ ಮೈದಾನದಲ್ಲಿ ಅಥವಾ ಕೊಯಮತ್ತೂರಿನಲ್ಲೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲೋ ಇರುವ ರೇಸ್ ಟ್ರ್ಯಾಕಿನಲ್ಲಿ, ಮೊದಲು ಮೆದು ರಂಧ್ರದಲ್ಲಿಟ್ಟು ಕಲಿಯಿರಿ. ಗಡುಸು ರಂಧ್ರಕ್ಕೆ ಏರಿಸಬೇಕೇ ಎಂಬುದನ್ನು ಒಂದು ಮಳೆಗಾಲ ಪೂರ್ತಿ ಓಡಿಸಿದ ಮೇಲೆ ನೋಡಿಕೊಳ್ಳಬಹುದು.